ನಾಗರಹೊಳೆ ಕಾಡಲ್ಲಿ ಕೆಲಸ, ಕಮ್ಮಿ ಸಾಮಾನಿನ ಬದುಕು: ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸೋಮವಾರಪೇಟೆ ಕಡೆಯವಳು, ಮಳೆ, ಜಿಗಣೆ, ಕರೆಂಟ್ ಇಲ್ಲದ ವಾರ ಎಲ್ಲಾ ನೋಡ್ಕೊಂಡೇ ಬೆಳೆದವಳು, ಆದ್ರೂ ನಾಗರಹೊಳೆಗೆ ಹುಲಿ ಸರ್ವೆ ಕೆಲಸಕ್ಕೆ ಅಂತ ಬಂದ ಮೊದಲ ತಿಂಗಳಲ್ಲೇ ಎರಡು ಸಲ ಬ್ಯಾಗ್ ಕಟ್ಟಿದ್ದೆ. ವಾಪಸ್ ಬಿಚ್ಚಿದ್ದು ಧೈರ್ಯ ಬಂತು ಅಂತ ಅಲ್ಲ, ಆ ಹೊತ್ತಿಗೆ ಬಸ್ ಇರ್ಲಿಲ್ಲ ಅಷ್ಟೇ. ಈಗ ಐದನೇ ವರ್ಷ. ಪ್ರತಿ ಸೀಸನ್ನಿಗೂ ಹೊಸ ಹುಡುಗ್ರು ಹುಡುಗೀರು ಬರ್ತಾರೆ, ಬರೋಕೆ ಮುಂಚೆ ಫೋನ್ ಮಾಡಿ ಅದೇ ಅದೇ ಕೇಳ್ತಾರೆ, ನಾನು ಸಿಗ್ನಲ್ ಇರೋ ಕಡೆ ನಿಂತು ಅದೇ ಅದೇ ಹೇಳ್ತೀನಿ, ಮಧ್ಯದಲ್ಲಿ ಕಟ್ ಆಗುತ್ತೆ. ಅದಕ್ಕೇ ಬರೆದಿಟ್ಟಿದೀನಿ.

ಅಷ್ಟೊಂದು ದೂರನಾ ಅಕ್ಕ? ಮ್ಯಾಪಲ್ಲಿ ನೋಡಿದ್ರೆ ಮೈಸೂರು ಹತ್ರಾನೇ ಇದೆಯಲ್ಲ?

ಮ್ಯಾಪಲ್ಲಿ ಹತ್ರಾನೇ. ನಾಗರಹೊಳೆ ಕೊಡಗು, ಮೈಸೂರು ಎರಡೂ ಜಿಲ್ಲೆಗೆ ಹರಡ್ಕೊಂಡಿದೆ, ಸುಮಾರು 643 ಚದರ ಕಿಲೋಮೀಟರ್ ಕಾಡು. 1955ರಲ್ಲಿ ಅಭಯಾರಣ್ಯ, 1988ರಲ್ಲಿ ರಾಷ್ಟ್ರೀಯ ಉದ್ಯಾನ, 1999ರಲ್ಲಿ ಹುಲಿ ಯೋಜನೆಗೆ ಸೇರಿತು. ನಾವಿರೋದು ಕೊಡಗಿನ ಕಡೆ, ಕುಟ್ಟ ದಾಟಿ ನಾಣಚ್ಚಿ ಗೇಟ್ ಹತ್ರ. ಹುಣಸೂರಿಂದ ಕಾಡಿನ ಮಧ್ಯದ ರೋಡಲ್ಲೂ ಬರಬಹುದು.

ಆದ್ರೆ ಇಲ್ಲಿ ದೂರ ಅನ್ನೋದು ಕಿಲೋಮೀಟರ್ ಲೆಕ್ಕ ಅಲ್ಲ, ಗಂಟೆ ಲೆಕ್ಕ. ಸಂಜೆ 6ಕ್ಕೆ ಕಾಡಿನ ರೋಡಿನ ಗೇಟ್ ಹಾಕ್ತಾರೆ, ಬೆಳಿಗ್ಗೆ 6ಕ್ಕೆ ತೆಗೀತಾರೆ. ಐದೂ ಮುಕ್ಕಾಲಿಗೆ ಕುಟ್ಟದಲ್ಲಿ ಟೀ ಕುಡೀತಾ ಕೂತಿದ್ರೆ ಆ ರಾತ್ರಿ ಕುಟ್ಟದಲ್ಲೇ. ಉಪ್ಪು ಮುಗೀತು ಅಂತ ಸಂಜೆ ಏಳಕ್ಕೆ ನೆನಪಾದ್ರೆ ಆ ರಾತ್ರಿ ಉಪ್ಪಿಲ್ಲ. ಬೆಂಗಳೂರಲ್ಲಿ ಹತ್ತು ನಿಮಿಷಕ್ಕೆ ಮನೆಬಾಗಿಲಿಗೆ ಎಲ್ಲಾ ಬರುತ್ತಲ್ಲ, ಅಲ್ಲಿಂದ ಬಂದವ್ರಿಗೆ ಕಷ್ಟ ಆಗೋದು ಸಾಮಾನು ಇಲ್ಲ ಅಂತಲ್ಲ, ನಾಳೆ ಏನು ಬೇಕಾಗುತ್ತೆ ಅಂತ ಇವತ್ತೇ ಯೋಚ್ನೆ ಮಾಡೋ ಅಭ್ಯಾಸ ಇಲ್ಲದ್ದು.

ಉಳ್ಕೊಳ್ಳೋದು ಎಲ್ಲಿ? ರೂಮ್ ಹೇಗಿರುತ್ತೆ?

ವರ್ಷದ ಹೆಚ್ಚು ದಿನ ಕಾಡಂಚಿನ ಒಂದು ಕಾಫಿ ತೋಟದ ಹಳೇ ಲೈನ್ ಮನೆ (ತೋಟದ ಕೆಲಸದವ್ರಿಗೆ ಅಂತ ಸಾಲಾಗಿ ಕಟ್ಟಿದ ಮನೆ). ಎರಡು ರೂಮು, ಹೆಂಚು, ಒಂದು ಅಡಿಗೆ ಕೋಣೆ, ಹಿಂದೆ ಬಚ್ಚಲು. ಸರ್ವೆ ಟೈಮಲ್ಲಿ ಮಾತ್ರ ಅನುಮತಿ ತಗೊಂಡು ಒಳಗಡೆ ಕಳ್ಳಬೇಟೆ ತಡೆ ಕ್ಯಾಂಪಲ್ಲಿ ಇರ್ತೀವಿ. ಕ್ಯಾಂಪ್ ಅಂದ್ರೆ ಟೆಂಟು, ಬೆಂಕಿ, ಗಿಟಾರ್ ಅಂದ್ಕೋಬೇಡಿ. ಒಂದು ಸಣ್ಣ ಕಟ್ಟಡ, ಸುತ್ತ ಆನೆ ಬರದ ಹಾಗೆ ಕಂದಕ, ಮಾಡಿನ ಮೇಲೆ ಸೋಲಾರ್ ಪ್ಲೇಟು, ಒಳಗೆ ಕಾಡು ಕಾಯೋ ವಾಚರ್‌ಗಳ ಹಾಸಿಗೆ, ಒಂದು ವೈರ್‌ಲೆಸ್ ಸೆಟ್ಟು. ಅವ್ರು ಜಾಗ ಕೊಟ್ಟಿದ್ದಕ್ಕೆ ನಾವು ಅಲ್ಲಿರೋದು, ಇದನ್ನ ಮರೀಬೇಡಿ.

ಏನೇನು ತರ್ಬೇಕು?

ನೀವು ಮನಸ್ಸಲ್ಲಿ ಮಾಡ್ಕೊಂಡಿರೋ ಲಿಸ್ಟಿನ ಅರ್ಧ. ಕೊಡಗಿಗೆ ಬರ್ತಾ ಬೆಂಗಳೂರಿಂದ ಕಾಫಿಪುಡಿ ತಂದಿದ್ದ ಒಬ್ಬ ಹುಡುಗನ್ನ ಇವತ್ತಿಗೂ ಆಡ್ಕೊಂಡು ನಗ್ತಾರೆ.

ನಿಜವಾಗ್ಲೂ ಬೇಕಾದ್ದು ಇಷ್ಟು: ಮಂದ ಬಣ್ಣದ ಬಟ್ಟೆ ನಾಲ್ಕು ಜೊತೆ (ಹಸಿರು, ಕಂದು, ಬೂದಿ; ಬಿಳಿ ಮಾತ್ರ ಬೇಡವೇ ಬೇಡ), ಬೇಗ ಒಣಗೋ ಪ್ಯಾಂಟು, ಜೀನ್ಸ್ ಅಂತೂ ತರ್ಲೇಬೇಡಿ ಜುಲೈನಲ್ಲಿ ಒದ್ದೆ ಆದ್ರೆ ಆಗಸ್ಟಿನಲ್ಲಿ ಒಣಗುತ್ತೆ, ಮೊಣಕಾಲವರೆಗೆ ಬರೋ ಗಮ್ ಬೂಟು, ಎರಡು ಟಾರ್ಚು, ಸೊಳ್ಳೆಪರದೆ, ಬಿಗಿ ಮುಚ್ಚಳದ ಡಬ್ಬಿಗಳು, ಕನ್ನಡಕ ಹಾಕೋರಾದ್ರೆ ಇನ್ನೊಂದು ಕನ್ನಡಕ, ದಿನಾ ಮಾತ್ರೆ ತಗೊಳ್ಳೋರಾದ್ರೆ ಎರಡು ತಿಂಗಳ ಮಾತ್ರೆ. ಸೆಂಟು, ಬಾಡಿ ಸ್ಪ್ರೇ ಎಲ್ಲಾ ಮನೇಲೇ ಬಿಡಿ. ಕಾಡಲ್ಲಿ ಪ್ರಾಣಿಗಳಿಗೆ ನಿಮ್ಮ ವಾಸನೆ ನಿಮಗಿಂತ ಮುಂಚೆ ಹೋಗಿ ಮುಟ್ಟುತ್ತೆ.

ಕೀಪ್ಯಾಡ್ ಫೋನ್ ಒಂದು ತನ್ನಿ. ಒಂದು ಸಲ ಚಾರ್ಜ್ ಮಾಡಿದ್ರೆ ವಾರ ಬರುತ್ತೆ, ಸ್ಮಾರ್ಟ್‌ಫೋನಿಗೆ ಸಿಗದ ಸಿಗ್ನಲ್ಲು ಒಂದೊಂದ್ಸಲ ಇದಕ್ಕೆ ಸಿಗುತ್ತೆ, ಯಾಕೆ ಅಂತ ಕೇಳ್ಬೇಡಿ.

ಊಟ ಹೇಗೆ? ನಂಗೆ ಅಡಿಗೆ ಬರಲ್ಲ.

ಬರುತ್ತೆ. ಹಸಿವಾದ್ರೆ ಎಲ್ರಿಗೂ ಬರುತ್ತೆ.

ತಿಂಗಳಿಗೊಂದು ಸಲ ಗೋಣಿಕೊಪ್ಪಕ್ಕೆ ಹೋಗಿ ರೇಷನ್ ತರ್ತೀವಿ. ಅಕ್ಕಿ, ರಾಗಿ ಹಿಟ್ಟು, ತೊಗರಿಬೇಳೆ, ಹುರುಳಿಕಾಳು, ಈರುಳ್ಳಿ, ಆಲೂಗಡ್ಡೆ, ಬೆಲ್ಲ, ಎಣ್ಣೆ, ಒಣಮೀನು, ಮೊಟ್ಟೆ. ಫ್ರಿಜ್ ಇಲ್ಲ, ಹಾಗಾಗಿ ತರಕಾರಿಯಲ್ಲಿ ಯಾವುದು ಎಷ್ಟು ದಿನ ಬದುಕುತ್ತೆ ಅನ್ನೋದೇ ದೊಡ್ಡ ಪಾಂಡಿತ್ಯ. ಸೊಪ್ಪು, ಟೊಮೆಟೊ ಮೊದಲ ಮೂರು ದಿನಕ್ಕೆ ಮುಗಿಸ್ಬೇಕು, ಬೀನ್ಸು ಕ್ಯಾರೆಟ್ಟು ಆ ವಾರಕ್ಕೆ, ಎಲೆಕೋಸು ಬೀಟ್ರೂಟು ಅದರ ಮುಂದಿನ ವಾರಕ್ಕೆ, ಸಿಹಿಕುಂಬಳ, ಮಂಗಳೂರು ಸೌತೆ, ಸುವರ್ಣಗೆಡ್ಡೆ ತಿಂಗಳ ಕೊನೆ ತನಕ ನಿಲ್ಲೋ ಮಹಾನುಭಾವರು. ಮೊದಲ ತಿಂಗಳು ನಾನು ಇದನ್ನ ಉಲ್ಟಾ ಮಾಡಿ ಕುಂಬಳಕಾಯಿಯಿಂದ ಶುರು ಮಾಡಿದ್ದೆ, ಟೊಮೆಟೊ ಎಲ್ಲಾ ಗೊಬ್ಬರದ ಗುಂಡಿಗೆ ಹೋಯ್ತು, ಕೊನೆಗೆ ಹನ್ನೊಂದು ದಿನ ಹುರುಳಿ ಸಾರು.

ಹುಳಿಗೆ ಟೊಮೆಟೊ ನೆಚ್ಕೋಬೇಡಿ. ಕೊಡಗಲ್ಲಿ ಇದ್ದೀರ, ಒಂದು ಬಾಟ್ಲಿ ಕಾಚಂಪುಳಿ ಇಟ್ಕೊಳ್ಳಿ. ಪಣಪುಳಿ ಹಣ್ಣಿನ ರಸ ಕಾಯಿಸಿ ಕಾಯಿಸಿ ಕಪ್ಪಗೆ ಮಾಡಿರ್ತಾರೆ, ವರ್ಷಗಟ್ಲೆ ಕೆಡಲ್ಲ, ಕಾಲು ಚಮಚ ಹಾಕಿದ್ರೆ ಸಾರು ಎದ್ದು ಕೂರುತ್ತೆ. ಜಾಸ್ತಿ ಹಾಕಿದ್ರೆ ನೀವು ಎದ್ದು ಕೂರ್ತೀರ.

ಮಳೆಗಾಲದಲ್ಲಿ ಉಪ್ಪು ನೀರಾಗುತ್ತೆ, ಬೆಂಕಿಪೊಟ್ಟಣ ಹತ್ತಲ್ಲ, ಹಪ್ಪಳ ಚರ್ಮದ ಥರ ಆಗುತ್ತೆ. ಉಪ್ಪಿನ ಡಬ್ಬೀಲಿ ಸ್ವಲ್ಪ ಅಕ್ಕಿ ಹಾಕಿಡಿ, ಬೆಂಕಿಪೊಟ್ಟಣ ಒಲೆ ಪಕ್ಕದ ಗೂಡಲ್ಲಿ ಇಡಿ.

ಪಂದಿ ಕರಿ ಸಿಗುತ್ತಾ? ಕಾಡುಹಂದಿದು?

ಈ ಪ್ರಶ್ನೆ ಬರದ ವರ್ಷವೇ ಇಲ್ಲ. ಪಂದಿ ಕರಿ ಸಿಗುತ್ತೆ, ಚೆನ್ನಾಗೇ ಸಿಗುತ್ತೆ, ಕಡಂಬಿಟ್ಟಿನ (ಅಕ್ಕಿ ಉಂಡೆ) ಜೊತೆ ಸಿಗುತ್ತೆ, ಅದು ಊರ ಹಂದಿ. ಕಾಡುಹಂದಿ ಹೊಡೆಯೋದು, ಮಾರೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ, ನೀವು ಅದೇ ಕಾಡಲ್ಲಿ ಕೆಲಸ ಮಾಡೋರು, ತಮಾಷೆಗೂ ಹೋಟೆಲಲ್ಲಿ ಕೂತು ಕೇಳ್ಬೇಡಿ. ಊರೋರು ನಗ್ತಾ ಕೇಳಿಸ್ಕೊಂಡು ಆಮೇಲೆ ನಿಮ್ಮನ್ನ ನಂಬೋದು ಬಿಡ್ತಾರೆ.

ಇನ್ನೊಂದು. ಕೊಡಗಲ್ಲಿ ತುಂಬ ಮನೆಗಳಲ್ಲಿ ಕೋವಿ ಇರುತ್ತೆ, ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆ ಮಾಡ್ತಾರೆ, ಕೊಡವರಿಗೆ ಲೈಸೆನ್ಸಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದಿದ್ದು. ಅದು ಅವ್ರ ಸಂಪ್ರದಾಯ. ಆದ್ರೆ ಅಭಯಾರಣ್ಯ, ಉದ್ಯಾನದ ಒಳಗೆ ಅನುಮತಿ ಇಲ್ಲದೆ ಯಾವ ಆಯುಧವೂ ತರೋ ಹಾಗಿಲ್ಲ, ಫ್ರೆಂಡ್ ಜೀಪಲ್ಲಿ ಲಿಫ್ಟ್ ತಗೊಂಡು ಗೇಟ್ ದಾಟೋವಾಗ ಹಿಂದಿನ ಸೀಟಲ್ಲಿ ಏನಿದೆ ಅಂತ ನೋಡ್ಕೊಳ್ಳಿ.

ಅಣಬೆ, ಕಣಿಲೆ (ಎಳೆ ಬಿದಿರು), ಜೇನು ಕಾಡಲ್ಲೇ ಕಿತ್ಕೊಂಡು ತಿನ್ನಬಹುದಲ್ಲ? ಅದೇ ಅಲ್ವಾ ಸರಳ ಜೀವನ?

ಇಲ್ಲ. ಉದ್ಯಾನದ ಒಳಗಿಂದ ನೀವು ಒಂದು ಜಿಂಕೆ ಕೊಂಬೂ ಎತ್ಕೊಂಡು ಬರೋ ಹಾಗಿಲ್ಲ, ಬಿದ್ದಿದ್ದು ಅಂದ್ರೂ ಇಲ್ಲ. ಕಣಿಲೆ, ಅಣಬೆ ಆಸೆ ಇದ್ರೆ ಮಳೆಗಾಲದಲ್ಲಿ ತೋಟದ ಮನೆಯೋರು ಅವರ ಜಾಗದ್ದು ಕೊಡ್ತಾರೆ. ಕಣಿಲೆಯ ಬೈಂಬಳೆ ಕರಿ ಮಾಡೋದು ಹೇಗೆ ಅಂತ ಅವ್ರನ್ನೇ ಕೇಳಿ, ಕಣಿಲೆ ಹೆಚ್ಚಿ ನೀರಲ್ಲಿ ನೆನೆಸಿ ನೀರು ಬದಲಾಯಿಸ್ದೆ ಹಾಗೇ ಬೇಯಿಸಿ ತಿಂದ್ರೆ ಹೊಟ್ಟೆ ಪಾಠ ಕಲಿಸುತ್ತೆ. ಅಣಬೆ ಅಂತೂ ಸ್ವಂತ ಬುದ್ಧಿ ಉಪಯೋಗಿಸಿ ಆರಿಸ್ಬೇಡಿ.

ಕೊಡವರ ಕಕ್ಕಡ ತಿಂಗಳ 18ನೇ ದಿನ, ಅಂದ್ರೆ ಆಗಸ್ಟ್ 3ರ ಸುಮಾರಿಗೆ, ಪಕ್ಕದ ಮನೆಯೋರು ಮದ್ದುಸೊಪ್ಪಿನ ಪಾಯಸ ಕೊಡ್ತಾರೆ, ನೇರಳೆ ಬಣ್ಣ ಇರುತ್ತೆ, ಖಂಡಿತ ತಿನ್ನಿ. ಮಾರನೇ ದಿನ ಮೂತ್ರ ಕೆಂಪಗೆ ಹೋದ್ರೆ ಗಾಬರಿ ಬೇಡ, ಸೊಪ್ಪಿನ ಬಣ್ಣ ಅದು. ಹೋದ ವರ್ಷ ಒಬ್ಬಳು ಯಾರಿಗೂ ಹೇಳ್ದೆ ರಾತ್ರಿಯೆಲ್ಲಾ ಅತ್ತು ಬೆಳಿಗ್ಗೆ ಆಸ್ಪತ್ರೆಗೆ ಹೋಗೋಣ ಅಂದ್ಲು.

ನೆಟ್‌ವರ್ಕ್?

ಕ್ಯಾಂಪಲ್ಲಿ ಇಲ್ಲ. ಲೈನ್ ಮನೇಲಿ ಇಲ್ಲ. ಲೈನ್ ಮನೆಯಿಂದ ತೋಟದ ಒಳಗೆ ಕಾಲು ಗಂಟೆ ನಡೆದ್ರೆ ಒಂದು ದೊಡ್ಡ ಬಂಡೆ ಇದೆ, ಅದರ ಮೇಲೆ ನಿಂತ್ರೆ ಎರಡು ಕಡ್ಡಿ. ನಾವು ಅದನ್ನ ಎಸ್‌ಟಿಡಿ ಬೂತ್ ಅಂತೀವಿ. ಮಳೆ ಜೋರಾದ್ರೆ ಅದೂ ಇಲ್ಲ.

ಮನೆಯೋರಿಗೆ ಮೊದಲೇ ಹೇಳಿ ಬನ್ನಿ, ಇಂಥ ದಿನ ಇಂಥ ಹೊತ್ತಿಗೆ ನಾನೇ ಫೋನ್ ಮಾಡ್ತೀನಿ, ಮಾಡ್ಲಿಲ್ಲ ಅಂದ್ರೆ ಮಾರನೇ ದಿನ ಸಂಜೆ ತನಕ ಗಾಬರಿ ಆಗ್ಬೇಡಿ ಅಂತ. ನಮ್ಮಮ್ಮ ಇದಕ್ಕೆ ಒಪ್ಪೋಕೆ ಆರು ತಿಂಗಳು ಬೇಕಾಯ್ತು, ಅಲ್ಲಿವರೆಗೆ ಸಿಗ್ನಲ್ ಬಂದ ತಕ್ಷಣ ಹನ್ನೆರಡು ಮಿಸ್ಡ್ ಕಾಲ್ ಮೆಸೇಜು ಒಟ್ಟಿಗೆ ಬೀಳ್ತಿತ್ತು. ಯುಪಿಐ ನಂಬ್ಕೊಂಡು ಬರ್ಬೇಡಿ, ಹತ್ತು ಇಪ್ಪತ್ತು ಐವತ್ತರ ನೋಟು ಇಟ್ಕೊಳ್ಳಿ, ಬಸ್ಸಲ್ಲೂ ಬೇಕಾಗುತ್ತೆ.

ಫೋನ್ ಇಲ್ಲದ ಸಂಜೆ ಏನ್ಮಾಡ್ತೀರ ಅಂತ ಕೇಳ್ತಾರೆ. ಮೊದಲ ವಾರ ಜೇಬು ತಟ್ಟಿಕೊಳ್ತಾ ಇರ್ತೀರ. ಆಮೇಲೆ ಎಂಟೂವರೆಗೆ ನಿದ್ದೆ ಬರುತ್ತೆ. ಬೆಳಿಗ್ಗೆ ಆರಕ್ಕೆ ಕಾಡಲ್ಲಿ ನಡೀತಿರ್ಬೇಕಾದ್ರೆ ನಾಲ್ಕೂವರೆಗೆ ಏಳ್ಲೇಬೇಕಲ್ಲ.

ಸ್ನಾನ, ಟಾಯ್ಲೆಟ್ಟು? ಹುಡುಗೀರಿಗೆ ತೊಂದ್ರೆ ಆಗಲ್ವಾ?

ಲೈನ್ ಮನೇಲಿ ಹಂಡೆ ಒಲೆ ಇದೆ, ಒಬ್ರಿಗೆ ಒಂದು ಬಕೆಟ್ ಬಿಸಿನೀರು. ಡಿಸೆಂಬರ್‌ನಲ್ಲಿ ಆ ಒಂದು ಬಕೆಟ್ಟಿಗೆ ಜಗಳ ಆಗಿದೆ. ಕ್ಯಾಂಪಲ್ಲಿ ಸ್ನಾನ ಅನ್ನೋದು ಹೊರಗಡೆ ಬೆಳಕಿರುವಾಗಲೇ ಮುಗಿಸ್ಕೋಬೇಕಾದ ಕೆಲಸ. ರಾತ್ರಿ ಟಾಯ್ಲೆಟ್ಟಿಗೆ ಹೋಗ್ಬೇಕಾದ್ರೆ ಮೊದಲು ಬಾಗಿಲಲ್ಲಿ ನಿಂತು ಟಾರ್ಚ್ ಸುತ್ತ ಬಿಡಿ, ಒಂದು ನಿಮಿಷ ಕಿವಿ ಕೊಡಿ, ಇನ್ನೊಬ್ರನ್ನ ಎಬ್ಬಿಸಿ. ಎಬ್ಬಿಸೋಕೆ ಸಂಕೋಚ ಪಡ್ಬೇಡಿ, ಎಲ್ರೂ ಎಬ್ಬಿಸ್ತಾರೆ.

ಪೀರಿಯಡ್ಸ್ ವಿಷಯ ಹುಡುಗೀರು ಕೇಳೋಕೆ ನಾಚ್ಕೊಳ್ತಾರೆ, ಅದಕ್ಕೆ ನಾನೇ ಹೇಳ್ತೀನಿ. ಪ್ಯಾಡ್ ಕಾಡಲ್ಲಿ ಹೂಳೋ ಹಾಗಿಲ್ಲ, ಹಂದಿ ಕೆದರಿ ತೆಗೆಯುತ್ತೆ. ಬಿಗಿ ಮುಚ್ಚೋ ಡಬ್ಬೀಲಿ ಹಾಕಿ ವಾಪಸ್ ಹೊರಗೆ ತರ್ಬೇಕು. ಮುಟ್ಟಿನ ಕಪ್ ಅಭ್ಯಾಸ ಇದ್ರೆ ಸುಲಭ, ಆದ್ರೆ ಅಭ್ಯಾಸ ಊರಲ್ಲೇ ಮಾಡ್ಕೊಂಡು ಬನ್ನಿ, ಮೊದಲ ಸಲ ಕ್ಯಾಂಪಲ್ಲಿ ಪ್ರಯೋಗ ಬೇಡ. ಹೊಟ್ಟೆನೋವು ಜೋರಾಗಿದ್ರೆ ಅವತ್ತು ನಡೆಯೋಕೆ ಆಗಲ್ಲ ಅಂತ ನೇರವಾಗಿ ಹೇಳಿ. ನಮ್ಮ ಜೊತೆ ಬರೋ ವಾಚರ್ ಅಣ್ಣಂದಿರು ಅದನ್ನ ಕೇಳಿ ಮುಖ ಆ ಕಡೆ ಮಾಡ್ಕೊಂಡು ಸರಿ ಮೇಡಂ ಅಂತಾರೆ ಅಷ್ಟೇ, ಯಾರೂ ಏನೂ ಅಂದಿದ್ದು ನನಗೆ ನೆನಪಿಲ್ಲ.

ಜಿಗಣೆ?

ಇರುತ್ತೆ. ಜೂನ್‌ನಿಂದ ಅಕ್ಟೋಬರ್ ತನಕ ಇರುತ್ತೆ, ಪ್ಯಾಂಟ್ ಒಳಗೆ, ಸಾಕ್ಸ್ ಒಳಗೆ, ಒಂದು ಸಲ ನನ್ನ ಕಣ್ಣು ರೆಪ್ಪೆ ಹತ್ರ. ಉಪ್ಪು, ಹೊಗೆಸೊಪ್ಪಿನ ಪುಡಿ ಬಟ್ಟೆ ಗಂಟಲ್ಲಿ ಕಟ್ಟಿ ಒದ್ದೆ ಮಾಡಿ ಬೂಟಿಗೆ ಉಜ್ಜಿ. ಕಚ್ಚಿದ್ರೆ ಎಳೀಬೇಡಿ, ಉಗುರಿಂದ ಬದಿಗೆ ಸರಿಸಿ ಬಿಡಿಸಿ. ಅದು ಬಿಟ್ಟ ಮೇಲೂ ಸ್ವಲ್ಪ ಹೊತ್ತು ರಕ್ತ ಬರುತ್ತೆ, ರಕ್ತ ಹೆಪ್ಪುಗಟ್ಟದ ಹಾಗೆ ಅದು ಏನೋ ಬಿಟ್ಟಿರುತ್ತಲ್ಲ ಅದಕ್ಕೆ. ನೋವಿಲ್ಲ. ಎರಡು ವಾರ ಆದ್ಮೇಲೆ ಎಣಿಸೋದು ಬಿಡ್ತೀರ.

ಜಿಗಣೆಗಿಂತ ನನಗೆ ಸಿಟ್ಟು ಬರೋದು ಉಣ್ಣೆ ಹುಳದ ಮೇಲೆ. ಬೇಸಿಗೆ ಶುರುವಾಗೋ ಹೊತ್ತಿಗೆ ಒಣ ಹುಲ್ಲಲ್ಲಿ ಸಾಸಿವೆಗಿಂತ ಸಣ್ಣ ಮರಿಗಳು ನೂರಾರು ಒಟ್ಟಿಗೆ ಹತ್ತುತ್ವೆ, ತುರಿಕೆ ಎರಡು ವಾರ. ವಾಪಸ್ ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ ಹಾಕಿ, ಮೈಯೆಲ್ಲಾ ನೋಡ್ಕೊಳ್ಳಿ. ಉಣ್ಣೆ ಕಚ್ಚಿದ ದಿನಗಳಲ್ಲಿ ಜ್ವರ ಬಂದ್ರೆ ಡಾಕ್ಟರಿಗೆ ಕಾಡಲ್ಲಿ ಕೆಲಸ ಮಾಡ್ತೀನಿ, ಉಣ್ಣೆ ಕಚ್ಚಿದೆ ಅಂತ ಬಾಯಿಬಿಟ್ಟು ಹೇಳಿ. ಮಳೆಗಾಲದ ಜ್ವರ ಆದ್ರೆ ಇಲಿಜ್ವರ ಇರಬಹುದು, ಗದ್ದೆ ನೀರಲ್ಲಿ, ಕೆಸರಲ್ಲಿ ಓಡಾಡಿದೀನಿ ಅಂತ ಅದನ್ನೂ ಹೇಳಿ. ನಾನು ಹೇಳ್ದೆ ಎರಡು ದಿನ ಬರೀ ಪ್ಯಾರಾಸಿಟಮಾಲ್ ನುಂಗಿ ಮೂರನೇ ದಿನ ಜೀಪಲ್ಲಿ ಮಲಗಿಸ್ಕೊಂಡು ಹೋಗೋ ಪರಿಸ್ಥಿತಿ ಬಂದಿತ್ತು, ತಪ್ಪು ನಂದೇ.

ಹಾವು, ಆನೆ, ಹುಲಿ? ಯಾವುದಕ್ಕೆ ಜಾಸ್ತಿ ಹೆದರ್ಬೇಕು?

ಎಲ್ರೂ ಹುಲಿ ಕೇಳ್ತಾರೆ. ಹುಲಿ ನಿಮ್ಮನ್ನ ನೋಡಿರುತ್ತೆ, ನೀವು ನೋಡಿರಲ್ಲ, ಮುಗೀತು. ಹೆದರ್ಬೇಕಾದ್ದು ಆನೆಗೆ, ಅದರಲ್ಲೂ ಮಂಜಿನ ಬೆಳಿಗ್ಗೆ ಲಂಟಾನ ಪೊದೆ ಹಿಂದೆ ಸುಮ್ಮನೆ ನಿಂತಿರೋ ಒಂಟಿ ಆನೆಗೆ. ಅಷ್ಟು ದೊಡ್ಡ ಪ್ರಾಣಿ ಹದಿನೈದು ಅಡಿ ದೂರದಲ್ಲಿ ನಿಂತ್ರೂ ಕಾಣಲ್ಲ ಅಂದ್ರೆ ಇಲ್ಲಿಗೆ ಬರೋ ತನಕ ನಾನೂ ನಂಬಿರ್ಲಿಲ್ಲ. ಜೊತೆಯಲ್ಲಿರೋ ಜೇನು ಕುರುಬ ಅಣ್ಣ ನಿಂತ್ರೆ ನಿಲ್ಲಿ, ಕೂತ್ರೆ ಕೂರಿ, ವಾಪಸ್ ಅಂದ್ರೆ ವಾಪಸ್. ಯಾಕೆ ಅಂತ ಆಮೇಲೆ ಕೇಳಿ. ಅವ್ರು ಮುರಿದ ಬಿದಿರು ನೋಡಿ, ಲದ್ದಿ ಮುಟ್ಟಿ, ಗಾಳಿ ಎತ್ತ ಬೀಸ್ತಿದೆ ಅಂತ ನೋಡಿ ಹೇಳೋದು, ನಿಮ್ಮ ಜಿಪಿಎಸ್ಸಿಗೆ ಅದು ಗೊತ್ತಿಲ್ಲ. ಇಯರ್‌ಫೋನ್ ಹಾಕ್ಕೊಂಡು ಕಾಡಲ್ಲಿ ನಡೆದವರನ್ನ ನಾನು ಅವತ್ತೇ ವಾಪಸ್ ಕಳಿಸಿದೀನಿ.

ಹಡ್ಲು ಅಂತ ಇರುತ್ತೆ, ಕಾಡಿನ ಮಧ್ಯದ ಜೌಗು ಹುಲ್ಲುಗಾವಲು, ಮರ ಇರಲ್ಲ, ನೋಡೋಕೆ ತುಂಬ ಚೆಂದ. ಅಲ್ಲಿ ಕಾಟಿ (ಕಾಡುಕೋಣ), ಆನೆ, ಕಡವೆ, ಜಿಂಕೆ ಎಲ್ಲಾ ಮೇಯೋಕೆ ಬರುತ್ವೆ, ಅಂಚಲ್ಲಿ ಹುಲಿ ಕೂತಿರುತ್ತೆ. ಫೋಟೋ ತೆಗೀತೀನಿ ಅಂತ ಹಡ್ಲಿಗೆ ಇಳೀಬೇಡಿ.

ಹಾವಿನ ವಿಷಯ ಮಾತ್ರ ಸೀರಿಯಸ್ಸಾಗಿ ಓದಿ. ಕಾಡಲ್ಲಿ ಬೂಟು ಹಾಕಿರ್ತೀರ, ಅಲ್ಲಿಗಿಂತ ಅಪಾಯ ಮನೇಲೇ. ಕಟ್ಟುಹಾವು ರಾತ್ರಿ ಮನೆ ಒಳಗೆ ಬಂದು ನೆಲದ ಮೇಲೆ ಮಲಗಿದವ್ರಿಗೆ ಕಚ್ಚುತ್ತೆ, ಕಚ್ಚಿದ್ದೇ ಎಷ್ಟೋ ಸಲ ಗೊತ್ತಾಗಲ್ಲ, ಗಾಯವೂ ಕಾಣಲ್ಲ. ಅದಕ್ಕೇ ಮಂಚ ಬೇಕು, ಸೊಳ್ಳೆಪರದೆ ಹಾಸಿಗೆ ಕೆಳಗೆ ಸಿಗಿಸ್ಬೇಕು. ಬೆಳಿಗ್ಗೆ ಬೂಟು ಕೊಡವಿ ಹಾಕ್ಕೊಳ್ಳಿ. ಕಚ್ಚಿದ್ರೆ ಕುಯ್ಯಬೇಡಿ, ಹಗ್ಗ ಬಿಗೀಬೇಡಿ, ಕೈಕಾಲು ಅಲ್ಲಾಡಿಸದ ಹಾಗೆ ಇಟ್ಕೊಂಡು ಸೀದಾ ಆಸ್ಪತ್ರೆ, ಗೋಣಿಕೊಪ್ಪ ಇಲ್ಲಾ ವಿರಾಜಪೇಟೆ. ನಾಟಿ ಮದ್ದು ನೋಡೋಣ ಅಂತ ಗಂಟೆ ಕಳೀಬೇಡಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಒಂದೇ ಇಂಜೆಕ್ಷನ್ನು, ಹಾಗಾಗಿ ಹಾವು ಹಿಡ್ಕೊಂಡು ಬಂದು ಡಾಕ್ಟರಿಗೆ ತೋರಿಸೋ ಸಾಹಸ ಬೇಡ.

ಗೇಟ್ ಆರಕ್ಕೆ ಮುಚ್ಚುತ್ತಲ್ಲ, ರಾತ್ರಿ ಕಚ್ಚಿದ್ರೆ? ಎಮರ್ಜೆನ್ಸಿಗೆ ಗೇಟ್ ತೆಗೀತಾರೆ. ಕ್ಯಾಂಪಿನ ವೈರ್‌ಲೆಸ್ಸಲ್ಲಿ ಹೇಳಿದ್ರೆ ಜೀಪ್ ಬರುತ್ತೆ. ಅದಕ್ಕೇ ಹೇಳಿದ್ದು ವಾಚರ್‌ಗಳ ಹತ್ರ ಚೆನ್ನಾಗಿರಿ ಅಂತ.

ನಾಯಿ ತರಬಹುದಾ?

ಇಲ್ಲ. ಚಿರತೆಗೆ ಊಟ ಆಗುತ್ತೆ, ಇಲ್ಲಾ ನಾಯಿಯ ಕಾಯಿಲೆ ಕೆನ್ನಾಯಿಗೆ ಹತ್ತುತ್ತೆ.

ಒಂಟಿತನ ಅನ್ಸಲ್ವಾ?

ಅನ್ಸುತ್ತೆ. ಮೊದಲ ತಿಂಗಳಲ್ಲಿ ಅಲ್ಲ, ಮೊದಲ ತಿಂಗಳು ಎಲ್ಲಾ ಹೊಸದು, ಆನೆ ಕಂಡಿದ್ದಕ್ಕೆ ಡೈರಿ ಬರೀತೀರ. ಮೂರನೇ ತಿಂಗಳು ಬರುತ್ತೆ ಅದು. ಜುಲೈನಲ್ಲಿ ಹತ್ತು ದಿನ ಸೂರ್ಯ ಕಾಣದೆ, ಸೋಲಾರ್ ಸತ್ತು, ಹೊದಿಕೆ ಒದ್ದೆ ವಾಸನೆ ಹೊಡೀತಾ, ಪುಸ್ತಕದ ಮೇಲೆಲ್ಲ ಬೂಷ್ಟು ಬಂದು, ಅದೇ ಮೂರು ಮುಖ ನೋಡ್ತಾ ಕೂತಾಗ, ಕಾಲೇಜಿನ ಫ್ರೆಂಡ್ ಮದುವೆ ಆಯ್ತು ಅಂತ ಎರಡು ವಾರ ಆದ್ಮೇಲೆ ಗೊತ್ತಾದಾಗ. ಇದಕ್ಕೆ ಧ್ಯಾನ ಮಾಡಿ ಅಂತೆಲ್ಲ ನಾನು ಹೇಳಲ್ಲ. ನನಗೆ ಕೆಲಸ ಮಾಡಿದ್ದು ಮೂರು: ದಿನಾ ಒಂದು ಹೊತ್ತಿನ ಅಡಿಗೆ ನಾನೇ ಮಾಡೋದು, ಬಟ್ಟೆ ಒಲೆ ಮೇಲೆ ಒಣಗಿಸೋ ಹಗ್ಗ ಕಟ್ಟಿದ್ದು (ಹೊಗೆ ವಾಸನೆ ಬರುತ್ತೆ, ಒಣಗಿದ ಬಟ್ಟೆ ಹಾಕಿದ್ರೆ ಅರ್ಧ ದುಃಖ ಹೋಗುತ್ತೆ), ಮತ್ತೆ ಪಕ್ಕದ ತೋಟದ ಮನೆ ಆಂಟಿ ಹತ್ರ ಭಾನುವಾರ ಹೋಗಿ ಕೂತ್ಕೊಳ್ಳೋದು. ಅವ್ರು ಅಕ್ಕಿ ರೊಟ್ಟಿ ತಟ್ತಾ ತಟ್ತಾ ನನ್ನ ಮದುವೆ ಬಗ್ಗೆ ಕೇಳ್ತಾರೆ, ಅದು ಒಂದು ಕಿರಿಕಿರಿ, ಆದ್ರೂ ಹೋಗ್ತೀನಿ.

ಊರಿನ ಹಬ್ಬಗಳಿಗೆ ಕರೆದ್ರೆ ಹೋಗಿ. ಹುತ್ತರಿ ದಿನ ಕದಿರು ತೆಗೆಯೋಕೆ ಗದ್ದೆಗೆ ಕರೀತಾರೆ. ಮೇ ತಿಂಗಳಲ್ಲಿ ದೇವರಪುರದಲ್ಲಿ ಕುಂಡೆ ಹಬ್ಬ, ಹಾಡಿಯೋರು (ಕಾಡಿನ ಆದಿವಾಸಿಗಳ ಊರನ್ನ ಹಾಡಿ ಅಂತಾರೆ) ವೇಷ ಹಾಕ್ಕೊಂಡು, ಗಂಡಸರು ಸೀರೆ ಉಟ್ಕೊಂಡು, ದೇವರನ್ನೂ ಬಿಡದೆ ದಾರಿಯಲ್ಲಿ ಹೋಗೋ ಎಲ್ರನ್ನೂ ಬಾಯಿಗೆ ಬಂದ ಹಾಗೆ ಬಯ್ದು ದುಡ್ಡು ಕೇಳ್ತಾರೆ. ನಮ್ಮ ಜೊತೆ ವರ್ಷವೆಲ್ಲಾ ಒಂದು ಮಾತಾಡದ ವಾಚರ್ ಅಣ್ಣ ಅವತ್ತು ಗೋಣಿಕೊಪ್ಪದ ನಡು ರೋಡಲ್ಲಿ ಬಸ್ ನಿಲ್ಲಿಸಿ ನನಗೆ ಬಯ್ದಿದ್ದು ಕೇಳಿ ನಾನು ನಕ್ಕೂ ನಕ್ಕೂ ಇಪ್ಪತ್ತು ರೂಪಾಯಿ ಕೊಟ್ಟೆ. ಮಾರನೇ ದಿನ ಮತ್ತೆ ಅದೇ ಮೌನ.

ಹಾಡಿಯೋರ ಥರ ಸರಳವಾಗಿ ಬದುಕೋದು ಕಲೀಬೇಕು ಅಂತ ನನಗೆ ತುಂಬ ಆಸೆ.

ಈ ಮಾತು ಅವ್ರ ಮುಂದೆ ಆಡ್ಬೇಡಿ. ನಿಮ್ಮದು ಎರಡು ವರ್ಷದ ಸರಳ ಜೀವನ, ಬೇಜಾರಾದ್ರೆ ಮೈಸೂರು ಬಸ್ ಹತ್ತಬಹುದು. ವಾಚರ್‌ಗಳಲ್ಲಿ ತುಂಬ ಜನ ದಿನಗೂಲಿ ಮೇಲೆ ಇರೋರು, ಮಗಳ ಹಾಸ್ಟೆಲ್ ಫೀಸ್ ಯೋಚ್ನೆಲಿ ಇರ್ತಾರೆ. ಜೇನು ಕುರುಬರು, ಬೆಟ್ಟ ಕುರುಬರು, ಯರವರು ಉದ್ಯಾನ ಆಗೋಕೆ ಮುಂಚಿಂದ ಈ ಕಾಡಲ್ಲಿ ಇದ್ದೋರು, ಒಂದಷ್ಟು ಹಾಡಿಗಳು ಒಳಗಿವೆ, ಒಂದಷ್ಟು ಜನ ಹೊರಗೆ ಹೋಗಿದಾರೆ, 2006ರ ಅರಣ್ಯ ಹಕ್ಕು ಕಾಯ್ದೆ ಅರ್ಜಿ ಕೈಯಲ್ಲಿ ಹಿಡ್ಕೊಂಡು ಓಡಾಡ್ತಿರೋರೂ ಇದಾರೆ. ಕರೆಂಟ್ ಇಲ್ಲದ್ದು ನಿಮಗೆ ಅನುಭವ, ಅವ್ರಿಗೆ ಅದು ಅರ್ಜಿ. ಈ ವ್ಯತ್ಯಾಸ ತಲೇಲಿ ಇದ್ರೆ ಸಾಕು, ಉಳಿದಿದ್ದು ತಾನಾಗೇ ಬರುತ್ತೆ. ಕೇಳ್ದೆ ಫೋಟೋ ತೆಗೀಬೇಡಿ. ಅವ್ರ ಊಟಕ್ಕೆ ಕೂತಾಗ ನಿಮ್ಮ ರೇಷನ್ನಿಂದ ಏನಾದ್ರೂ ಕೊಡಿ, ಪುಕ್ಕಟೆ ತಿನ್ಬೇಡಿ.

ಇಲ್ಲಿ ಹಿಂದೆ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪನವರ ಹೆಸರು ಹೊಸಬರು ಬರೋಕೆ ಮುಂಚೆನೇ ಕೇಳಿರ್ತಾರೆ, 2024ರಲ್ಲಿ ತೀರ್ಕೊಂಡ್ರು. ಕ್ಯಾಮೆರಾ ಇಟ್ಟು ಪಟ್ಟೆ ನೋಡಿ ಹುಲಿ ಲೆಕ್ಕ ಹಾಕೋ ಪದ್ಧತಿಯನ್ನ ವನ್ಯಜೀವಿ ವಿಜ್ಞಾನಿ ಉಲ್ಲಾಸ್ ಕಾರಂತರು 1990ರ ದಶಕದಲ್ಲಿ ಇದೇ ಕಾಡಲ್ಲಿ ಬೆಳೆಸಿದ್ದು. ಆದ್ರೆ ಆ ಕ್ಯಾಮೆರಾ ಹೊತ್ತು, ಹುಲಿ ನಡೆಯೋ ದಾರಿ ತೋರಿಸಿ, ಆನೆ ಕಿತ್ತು ಬಿಸಾಕಿದ ಕ್ಯಾಮೆರಾ ಹುಡುಕಿ ತರೋರು ಇವತ್ತಿಗೂ ಹಾಡಿಯ ಅಣ್ಣಂದಿರೇ, ಅವ್ರ ಹೆಸರು ಯಾರೂ ಕೇಳಿರಲ್ಲ.

ದುಡ್ಡು ಉಳಿಯುತ್ತಾ?

ಸಂಬಳ ಸಣ್ಣದು, ಖರ್ಚು ಅದಕ್ಕಿಂತ ಸಣ್ಣದು, ಹಾಗಾಗಿ ಉಳಿಯುತ್ತೆ. ಆದ್ರೆ ಎರಡು ತಿಂಗಳಿಗೊಂದು ಸಲ ಮಡಿಕೇರಿಗೋ ಮೈಸೂರಿಗೋ ಹೋದಾಗ ಒಂದೇ ದಿನದಲ್ಲಿ ಹುಚ್ಚು ಹಿಡಿದ ಹಾಗೆ ಖರ್ಚು ಮಾಡ್ತೀರ. ನಾನು ಒಂದು ಸಲ ಮೂರು ಐಸ್‌ಕ್ರೀಂ ತಿಂದು, ಬೇಡದ ಚಪ್ಪಲಿ ತಗೊಂಡು, ವಾಪಸ್ ಬಸ್ಸಲ್ಲಿ ನಾಚಿಕೆಯಿಂದ ಕೂತಿದ್ದೆ. ಚಪ್ಪಲಿಗೆ ಆ ಮಳೆಗಾಲದಲ್ಲೇ ಬೂಷ್ಟು ಬಂತು.

ವಾಪಸ್ ಊರಿಗೆ ಹೋದ್ಮೇಲೆ ಹೊಂದ್ಕೊಳ್ಳೋಕೆ ಆಗುತ್ತಾ?

ಆಗುತ್ತೆ, ಒಂದು ವಾರದಲ್ಲಿ ಆಗುತ್ತೆ, ಅದೇ ಬೇಜಾರು. ಸ್ವಿಚ್ ಒತ್ತಿದ್ರೆ ಬಿಸಿನೀರು ಬಂದಾಗ ಮೊದಲ ದಿನ ಆಶ್ಚರ್ಯ, ಎಂಟನೇ ದಿನ ಬಿಸಿ ಸಾಲ್ದು ಅಂತ ಗೊಣಗಾಟ. ಒಂದೇ ಒಂದು ಉಳ್ಕೊಳ್ಳುತ್ತೆ ಅಂದ್ರೆ ಸಂಜೆ ಐದೂವರೆ ಆದ್ರೆ ಏನೋ ಮರೆತಿದೀನಿ ಅಂತ ಒಳಗೆ ಒಂದು ತಳಮಳ. ಸೋಮವಾರಪೇಟೇಲಿ ಅಣ್ಣನ ಮನೇಲಿ ಕೂತಿದ್ರೂ ಎದ್ದು ಉಪ್ಪಿನ ಡಬ್ಬಿ ನೋಡಿ ಬರ್ತೀನಿ, ಅತ್ತಿಗೆ ನಗ್ತಾರೆ.

ಯಾವ ತಿಂಗಳಲ್ಲಿ ಬಂದು ಸೇರಿದ್ರೆ ಒಳ್ಳೇದು?

ಆಯ್ಕೆ ಇದ್ರೆ ನವೆಂಬರ್ ಕೊನೆ. ಮಳೆ ಮುಗಿದಿರುತ್ತೆ, ಜಿಗಣೆ ಕಮ್ಮಿ, ಚಳಿ ಹದವಾಗಿ ಶುರು. ಡಿಸೆಂಬರಿಂದ ಕಾಫಿ ಕುಯ್ಲು, ಆಗ ಮನೆ ರಿಪೇರಿಗೆ, ಸಾಮಾನು ಹೊರೋಕೆ ಅಂತ ಯಾರನ್ನ ಕರೆದ್ರೂ ಸಿಗಲ್ಲ, ಅದನ್ನ ಮುಂಚೆನೇ ಮುಗಿಸ್ಕೊಳ್ಳಿ. ಫೆಬ್ರವರಿಯಿಂದ ಬೆಂಕಿ ಕಾಲ, ಎಲ್ರ ಮುಖದಲ್ಲೂ ಟೆನ್ಶನ್ನು, ಬೀಡಿ ಸಿಗರೇಟು ಸೇದೋರು ಕಾಡಿನ ಒಳಗೆ ಪೂರ್ತಿ ಬಂದ್. ಮಾರ್ಚ್ ಹೊತ್ತಿಗೆ ಹೂ ಮಳೆ ಬಿದ್ರೆ ಒಂದು ವಾರ ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗೆ ಕಾಫಿ ಹೂವು, ಬೆಳಿಗ್ಗೆ ಬಾಗಿಲು ತೆಗೆದ್ರೆ ಮಲ್ಲಿಗೆ ಥರದ ಘಮ. ಆ ಮೂರ್ನಾಲ್ಕು ದಿನ ಯಾರೂ ಕೆಲಸ ಬಿಡೋ ಮಾತು ಆಡಲ್ಲ. ಜೂನ್‌ನಲ್ಲಿ ಮಾತ್ರ ಬಂದು ಸೇರ್ಬೇಡಿ, ನಾನು ಬಂದಿದ್ದು ಜೂನ್‌ನಲ್ಲಿ.

ಬರೋ ದಿನ ಏನು ಮಾಡ್ಬೇಕು?

ಬೆಳಿಗ್ಗೆ ಬೇಗ ಹೊರಟು ಗೋಣಿಕೊಪ್ಪದಲ್ಲಿ ಇಳೀರಿ, ಹೊಟ್ಟೆ ತುಂಬ ಊಟ ಮಾಡಿ, ಹಿಂದಿನ ದಿನ ನಾನು ಮೆಸೇಜ್ ಹಾಕಿದ್ರೆ ಅದರಲ್ಲಿರೋ ಸಾಮಾನು ತಗೊಳ್ಳಿ, ಮೊಟ್ಟೆ ಮಾತ್ರ ಕೈಯಲ್ಲಿ ಹಿಡ್ಕೊಳ್ಳಿ ಬಸ್ಸಿನ ಮೇಲೆ ಹಾಕ್ಬೇಡಿ, ಮಧ್ಯಾಹ್ನ ಮೂರರೊಳಗೆ ಕುಟ್ಟ ಮುಟ್ಟಿ. ನಾನು ಬಸ್ ಸ್ಟ್ಯಾಂಡ್ ಎದುರಿನ ಟೀ ಅಂಗಡೀಲಿ ಕೂತಿರ್ತೀನಿ, ನಾಲ್ಕೂವರೆ ತನಕ ಕಾಯ್ತೀನಿ.